ಪಾಳಿಗೆ ಬದಲಿ ಯಾರು?

ಬೇಲಾಪುರದಲ್ಲಿ ಮನೆ ಎಂದರೆ ಊರಿನವರು ಮೊದಲು ಕೇಳುವುದು, 'ಮನೆಯಿಂದ ಸಮುದ್ರ ಕಾಣ್ತದಾ?' ಎಂದು. ಕಾಣುವುದಿಲ್ಲ. ಕಾಣುವುದು ಪನವೇಲ್ ಖಾಡಿಯ ಕೆಸರು, ಅದರಂಚಿನ ಕಾಂಡ್ಲಾ ಗಿಡಗಳು, ಹಿಂದೆ ಪಾರ್ಸಿಕ್ ಗುಡ್ಡ, ನಡುವೆ ಸಿಡ್ಕೋದವರು ಗೆರೆ ಎಳೆದು ಕಟ್ಟಿಸಿದ ಸೆಕ್ಟರುಗಳು. ಹಡಗುಗಳು ಬಂದು ನಿಲ್ಲುವುದು ಇಲ್ಲಿಂದ ಆಚೆ, 1989ರಲ್ಲಿ ಶುರುವಾದ ನ್ಹಾವಾ ಶೇವಾ ಬಂದರಿನಲ್ಲಿ. ಆದರೆ ಹಡಗಿಗೆ ಬೇಕಾದ ಮನುಷ್ಯರನ್ನು ಹುಡುಕಿ ಕಳಿಸುವ ಆಫೀಸುಗಳು ಬೇಲಾಪುರದಲ್ಲಿ ಬೇಕಾದಷ್ಟಿವೆ. ಬೆಳಿಗ್ಗೆ ಸಿಬಿಡಿ ಸ್ಟೇಷನ್ನಿನಲ್ಲಿ ಇಳಿಯುವವರಲ್ಲಿ ಪ್ಲಾಸ್ಟಿಕ್ ಫೈಲು ಎದೆಗವಚಿಕೊಂಡ ಹುಡುಗರನ್ನು ನೋಡಿದರೆ ಗೊತ್ತಾಗುತ್ತದೆ. ಬಿಹಾರದವರು, ಉತ್ತರ ಪ್ರದೇಶದವರು, ರತ್ನಾಗಿರಿಯವರು; ನಡುವೆ ನಮ್ಮ ಕಾರವಾರ, ಹೊನ್ನಾವರ, ಕುಂದಾಪುರದ ಕಡೆಯವರೂ ಒಬ್ಬಿಬ್ಬರು. ಫೈಲಿನಲ್ಲಿ ಪಾಸ್‌ಪೋರ್ಟು, ನಾವಿಕರ ಸಿಡಿಸಿ ಪುಸ್ತಕ, ತರಬೇತಿಯ ಸರ್ಟಿಫಿಕೇಟುಗಳು.

ಈ ಹುಡುಗರು ಹಡಗಿನಲ್ಲಿ ಮಾಡುವುದಾದರೂ ಏನು? ಊರಿನಲ್ಲಿ 'ಶಿಪ್ಪಿನಲ್ಲಿದ್ದಾನೆ' ಎಂದರೆ ಬಿಳಿ ಸಮವಸ್ತ್ರ, ಡಾಲರಿನ ಸಂಬಳ ಎಂದೇ ಎಲ್ಲರ ಕಲ್ಪನೆ. ಡೆಕ್ಕಿನ ಕೆಲಸಗಾರನ ದಿನ ಸುತ್ತಿಗೆಯಿಂದ ತುಕ್ಕು ಕೆರೆಯುವುದರಲ್ಲಿ, ಕೆರೆದಲ್ಲಿ ಬಣ್ಣ ಬಳಿಯುವುದರಲ್ಲಿ ಹೋಗುತ್ತದೆ. ಉಪ್ಪುಗಾಳಿಗೆ ಒಂದು ಕಡೆ ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ತುಕ್ಕು ಎದ್ದಿರುತ್ತದೆ. ಬಂದರು ಬಂತೆಂದರೆ ತೋಳಿನಷ್ಟು ದಪ್ಪದ ಹಗ್ಗಗಳನ್ನು ಎಳೆದು ಕಟ್ಟಬೇಕು. ಬಿಗಿದ ಹಗ್ಗ ಕಡಿದು ಹಿಂದಕ್ಕೆ ಬಡಿದರೆ ಕಾಲು ಹೋಗಬಹುದು, ಪ್ರಾಣವೂ ಹೋಗಬಹುದು. ಇದರ ಜೊತೆಗೆ ವಾಚ್, ಅಂದರೆ ಪಾಳಿ: ನಾಲ್ಕು ತಾಸು ಕೆಲಸ, ಎಂಟು ತಾಸು ಬಿಡುವು, ಮತ್ತೆ ನಾಲ್ಕು ತಾಸು. ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಕತ್ತಲೆ ನೋಡುತ್ತ ನಿಂತು, ದೂರದಲ್ಲಿ ದೀಪ ಕಂಡರೆ ಹೇಳಬೇಕು. ಬಹಳಷ್ಟು ರಾತ್ರಿ ಏನೂ ಕಾಣುವುದಿಲ್ಲ. ಏನೂ ಆಗದಿರುವುದೇ ಆ ಕೆಲಸದ ಫಲ.

ಈ ಪಾಳಿಗೆ ಒಂದು ಕಟ್ಟುನಿಟ್ಟಿದೆ. ಬದಲಿಯವನು ಬಂದು ಒಪ್ಪಿಕೊಳ್ಳದೆ ಜಾಗ ಬಿಡುವಂತಿಲ್ಲ. ರಾತ್ರಿಯಾದರೆ, ಬಂದವನ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಒಪ್ಪಿಸುವಂತೆಯೂ ಇಲ್ಲ. ಬಹಳ ಒಳ್ಳೆಯ ನಿಯಮ. ಆದರೆ ಬದಲಿಯವನು ಬರುವುದೇ ಇಲ್ಲ ಎಂದಾದರೆ?

ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರು ಕೆಲವು ವರ್ಷಗಳ ಹಿಂದೆ ಫೋನು ಮಾಡಿ ಕೇಳಿದ್ದು ಇದೇ ಪ್ರಶ್ನೆಯನ್ನು. ಅವರ ಮಗನ ಹಡಗು ಕೊಲ್ಲಿಯ ಬಂದರೊಂದರ ಹೊರಗೆ ಲಂಗರು ಹಾಕಿ ನಿಂತಿತ್ತು. ನಾಲ್ಕು ತಿಂಗಳಿನಿಂದ ಸಂಬಳವಿಲ್ಲ. ಉಳಿದವರು ನಾಲ್ಕೇ ಜನ. ಅಕ್ಕಿ, ಡೀಸೆಲ್ಲು, ಕುಡಿಯುವ ನೀರು ಎಲ್ಲವೂ ಅಳತೆಯಲ್ಲಿ. ಕಳಿಸಿದ ಆಫೀಸು ಇಲ್ಲೇ ಬೇಲಾಪುರದಲ್ಲಿ. ನಾನು ಹೋಗಿ ನೋಡಿದರೆ ಬೀಗ.

"ಅವ ಬಿಟ್ಟು ಬರ್ತೇನೆ ಅಂತಾನೆ ತಮಾ. ಉಂಡ ಮನೆ ಜಂತಿ ಎಣಿಸಬಾರ್ದು ಅಲ್ವಾ? ಮಾಲಕನಿಗೂ ಏನೋ ಕಷ್ಟ ಇರ್ಬಹುದು" ಎಂದರು ಮಾಸ್ತರರು. ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸಿತು: "ಊಟವೇ ಹಾಕದ ಮನೆಗೆ ಜಂತಿ ಎಂಥದು?"

ಇಬ್ಬರ ಮಾತಿನಲ್ಲೂ ತೂಕವಿತ್ತು. ಕಷ್ಟ ಬಂತೆಂದು ಕೈಬಿಟ್ಟು ಓಡುವವನನ್ನು ಯಾರೂ ಮೆಚ್ಚುವುದಿಲ್ಲ. ಹಾಗೆಂದು ಋಣ ಒಂದೇ ಕಡೆಯಿಂದ ಬೆಳೆಯುತ್ತ ಹೋದರೆ ಅದು ಋಣವಲ್ಲ, ಜೀತ.

ಈ ಜೀತ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ 'ಅಮಾನ್' ಎಂಬ ಹಡಗಿನ ಕತೆ ಇದೆ. 2017ರಲ್ಲಿ ಈಜಿಪ್ಟಿನ ಸೂಯೆಜ್ ಬಳಿಯ ಬಂದರಿನಲ್ಲಿ, ಕಾಗದಪತ್ರಗಳ ಅವಧಿ ಮುಗಿದಿದೆ ಎಂದು ಅದನ್ನು ತಡೆದರು. ಮಾಲಕರು ಕೈಯೆತ್ತಿದರು. ಅಲ್ಲಿಯ ನ್ಯಾಯಾಲಯ ಸಿರಿಯಾದ ಒಬ್ಬ ಅಧಿಕಾರಿಯನ್ನು ಹಡಗಿನ ಪಾಲಕ ಎಂದು ಹೆಸರಿಸಿತು. ಉಳಿದವರು ಒಬ್ಬೊಬ್ಬರಾಗಿ ಮನೆಗೆ ಹೋದರು, ಆತನಿಗೆ ಮಾತ್ರ ಹೋಗುವಂತಿರಲಿಲ್ಲ. ಕೊನೆಗೆ ಕರೆಂಟಿಲ್ಲದ ಹಡಗಿನಲ್ಲಿ ಒಬ್ಬನೇ ಉಳಿದ. ಫೋನು ಚಾರ್ಜು ಮಾಡಲು, ಊಟ ತರಲು ದಡಕ್ಕೆ ಈಜಿ ಹೋಗುತ್ತಿದ್ದ. ನಡುವೆ ತಾಯಿ ತೀರಿಕೊಂಡಳು. ಬಿಡುಗಡೆಯಾದದ್ದು 2021ರ ಏಪ್ರಿಲಿನಲ್ಲಿ, ಸುಮಾರು ನಾಲ್ಕು ವರ್ಷದ ನಂತರ, ನಾವಿಕರ ಸಂಘದ ಪ್ರತಿನಿಧಿಯೊಬ್ಬರು ಆತನ ಜಾಗಕ್ಕೆ ಪಾಲಕರಾಗಲು ಒಪ್ಪಿದ ಮೇಲೆ. ಗಮನಿಸಿ, ಬಿಡಿಸಿದ್ದು ಕನಿಕರವಲ್ಲ, ಬದಲಿ.

ಹಾಗಾದರೆ ಹಡಗನ್ನು ಹಾಗೇ ಬಿಟ್ಟು ಹೋಗಲಿ ಎನ್ನಬಹುದಲ್ಲ? ಅದು ಅಷ್ಟು ಸುಲಭವಲ್ಲ. ಕಾಯುವವರಿಲ್ಲದ ಹಡಗು ಲಂಗರು ಕಿತ್ತುಕೊಂಡರೆ ಬೇರೆ ಹಡಗಿಗೆ, ದಡಕ್ಕೆ, ಸೇತುವೆಗೆ ಬಡಿಯಬಹುದು. 2024ರ ಮಾರ್ಚ್ 26ರ ರಾತ್ರಿ ಅಮೆರಿಕದ ಬಾಲ್ಟಿಮೋರಿನಲ್ಲಿ 'ಡಾಲಿ' ಎಂಬ ಹಡಗು ಕರೆಂಟು ಹೋಗಿ ಸೇತುವೆಗೆ ಗುದ್ದಿದ್ದು ನೆನಪಿರಬೇಕು. ಹಡಗಿನಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಭಾರತೀಯರು. ಲಂಗರು ಇಳಿಸಿದರು, ಅಪಾಯದ ಸಂದೇಶ ಹೋಯಿತು, ಪೊಲೀಸರು ಸೇತುವೆಯ ಮೇಲೆ ವಾಹನ ಬಿಡುವುದನ್ನು ನಿಲ್ಲಿಸಿದರು. ಎಷ್ಟೋ ಜೀವ ಉಳಿಯಿತು. ಆದರೆ ಸೇತುವೆಯ ಮೇಲೆ ಹೊಂಡ ಮುಚ್ಚುತ್ತಿದ್ದ ಆರು ಕೂಲಿಗಳು ಸತ್ತರು. ಅವರೂ ಮೆಕ್ಸಿಕೊ, ಗ್ವಾಟೆಮಾಲ ಮುಂತಾದ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಸರಿಯಾಗಿ ಕೂರದ ಒಂದು ವೈರಿನಿಂದ ಕರೆಂಟು ಹೋಯಿತು ಎಂದು 2025ರ ನವೆಂಬರಿನಲ್ಲಿ ಅಲ್ಲಿಯ ತನಿಖಾ ಮಂಡಳಿ ಹೇಳಿತು. ಹಡಗಿನಲ್ಲಿ ಸಣ್ಣ ಕೆಲಸ ಎಂಬುದೇ ಇಲ್ಲ.

ಇಲ್ಲಿ ಎರಡು ಋಣಗಳನ್ನು ಬೇರೆ ಮಾಡಿ ನೋಡಬೇಕು ಅನ್ನಿಸುತ್ತದೆ. ಒಂದು ಮಾಲಕನದು. ಅದು ಕೊಟ್ಟು ತೆಗೆದುಕೊಳ್ಳುವ ಲೆಕ್ಕ. ಆತ ಕೊಡುವುದು ನಿಲ್ಲಿಸಿದ ದಿನ ಮುಗಿಯಿತು. ಇನ್ನೊಂದು ಪಕ್ಕದ ಬಂಕಿನಲ್ಲಿ ಮಲಗಿದವನದು, ಎದುರಿನಿಂದ ಬರುವ ಹಡಗಿನವರದು, ಮುಖವನ್ನೇ ನೋಡದ ಜನರದು. ಅವರು ಸಂಬಳ ಕೊಡುವವರಲ್ಲ, ಆದ್ದರಿಂದ ಸಂಬಳ ನಿಂತಿತೆಂದು ಆ ಋಣ ತೀರುವುದಿಲ್ಲ. ಮಾಲಕರ ಜಾಣತನ ಇರುವುದು ಈ ಎರಡನ್ನೂ ಒಂದೇ ಎಂಬಂತೆ ತೋರಿಸುವುದರಲ್ಲಿ. ನಾವಿಕ ಎರಡನೆಯ ಋಣಕ್ಕೆ ಅಂಜಿ ನಿಲ್ಲುತ್ತಾನೆ. ಲಾಭ ಮಾತ್ರ ಮೊದಲನೆಯವನಿಗೆ.

ಮಾಸ್ತರರಿಗೆ ನಾನು ಇಷ್ಟು ಹೇಳಿದೆ: ಜೊತೆಯ ಮೂವರನ್ನು ಬಿಟ್ಟು ರಾತ್ರೋರಾತ್ರಿ ಬರುವುದು ಬೇಡ. ಆದರೆ ಮಾಲಕನ ಮರ್ಯಾದೆ ಕಾಯುತ್ತ ಸುಮ್ಮನಿರುವುದೂ ಬೇಡ. ನಾಲ್ವರೂ ಸೇರಿ ದೂರು ಕೊಡಲಿ. ಮುಂಬಯಿಯ ಶಿಪ್ಪಿಂಗ್ ಮಹಾನಿರ್ದೇಶನಾಲಯಕ್ಕೆ, ರಾಯಭಾರ ಕಚೇರಿಗೆ, ನಾವಿಕರ ಸಂಘಕ್ಕೆ. 'ನಮಗೆ ಬದಲಿ ಕೊಡಿ' ಎಂದು ಕೇಳುವುದು ಹೇಡಿತನವಲ್ಲ. ಹುಡುಗ ಊರಿಗೆ ಬರುವಾಗ ಏಳು ತಿಂಗಳು ಕಳೆದಿತ್ತು. ಬಾಕಿಯಲ್ಲಿ ಒಂದು ಪಾಲು ಬಿಟ್ಟೇ ಬರಬೇಕಾಯಿತು.

ಕಾನೂನು ಇಲ್ಲವೆಂದಲ್ಲ. 2006ರ ಕಡಲ ಕಾರ್ಮಿಕರ ಒಪ್ಪಂದಕ್ಕೆ ಭಾರತ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ದಿನಕ್ಕೆ ಕನಿಷ್ಠ ಹತ್ತು ತಾಸು ವಿಶ್ರಾಂತಿ ಕೊಡಬೇಕು ಎನ್ನುತ್ತದೆ ಅದು. ಎರಡು ತಿಂಗಳ ಸಂಬಳ ಬಾಕಿಯಾದರೆ ನಾವಿಕನನ್ನು ಕೈಬಿಟ್ಟಂತೆ ಎಂದು 2017ರಿಂದ ಜಾರಿಯಲ್ಲಿರುವ ತಿದ್ದುಪಡಿ ಹೇಳುತ್ತದೆ. ಊರಿಗೆ ಕಳಿಸುವ ಖರ್ಚಿಗೆ, ನಾಲ್ಕು ತಿಂಗಳವರೆಗಿನ ಬಾಕಿಗೆ ಹಡಗಿನ ಹೆಸರಿನಲ್ಲಿ ವಿಮೆಯಂಥ ಭದ್ರತೆ ಇರಬೇಕು. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ತೆಗೆದುಕೊಳ್ಳುವಂತಿಲ್ಲ. ಮಗನನ್ನು ಕಳಿಸಲು ಅಡಿಕೆತೋಟ ಅಡವಿಡುವ ಮೊದಲು, ಆ ಏಜೆಂಟನಿಗೆ ಸರಕಾರದ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ ಎಂದು ನೋಡಿ. ಪರವಾನಗಿಯೂ ಇಲ್ಲದೆ ಲಕ್ಷಗಟ್ಟಲೆ ಕೇಳಿದರೆ, ಅಲ್ಲಿಂದಲೇ ಎದ್ದು ಬನ್ನಿ.

ಊರು ಬಿಟ್ಟ ನಮ್ಮಂಥವರಿಗೆ ಈ ಪಾಳಿಯ ಮಾತು ಬೇರೆ ರೀತಿಯಲ್ಲೂ ತಾಗುತ್ತದೆ. ನಾವು ಇಲ್ಲಿ ದುಡಿಯುವಾಗ ಊರಲ್ಲಿ ಮುದುಕರ ಬಳಿ ಯಾರೋ ಒಬ್ಬರು ಪಾಳಿಯಲ್ಲಿರುತ್ತಾರೆ: ಅಣ್ಣ, ಅತ್ತಿಗೆ, ಇಲ್ಲವೆ ಪಕ್ಕದ ಮನೆಯವರು. ಕಡಲಿನಲ್ಲಿರುವವನ ಮನೆಯಲ್ಲಂತೂ ಹೆಂಡತಿಯದು ಒಂಬತ್ತು ತಿಂಗಳ ಒಂಟಿ ಪಾಳಿ. ಅವರ ಸಹನೆಯನ್ನು ನಾವು ಹೊಗಳುತ್ತೇವೆ, ದುಡ್ಡು ಕಳಿಸುತ್ತೇವೆ. ಆದರೆ ಕರ್ತವ್ಯನಿಷ್ಠರು ಎಂದು ಯಾರನ್ನಾದರೂ ಹೊಗಳುವಾಗ, ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಾರೆ ಎಂದು ಕೇಳಬೇಕು. ನಿಂತಿರುವುದು ಒಬ್ಬರ ಧರ್ಮವಾದರೆ, ಹೊತ್ತಿಗೆ ಸರಿಯಾಗಿ ಬದಲಿಗೆ ಹೋಗುವುದು ಇನ್ನೊಬ್ಬರ ಧರ್ಮ. ಅದೂ ಸ್ವಲ್ಪ ಮುಂಚೆಯೇ ಹೋಗಬೇಕು. ಬೆಳಕಿನಿಂದ ಬಂದವರ ಕಣ್ಣಿಗೆ ಕತ್ತಲೆ ಹಿಡಿಯಲು ಸಮಯ ಬೇಕಾಗುತ್ತದೆ.