ಶೌಚವು ಯಾರಿಗಾಗಿ: ಟೇಲ್ ಲೈಟಿನ ಮಸುಕು ಮತ್ತು ಸೋಂದೆಯ ಮೂರು ದರ್ಶನಗಳು

ಭಾರತೀಯ ಚಿಂತನೆಯಲ್ಲಿ ಶೌಚ, ಅಂದರೆ ಮಲವನ್ನು ಕಳೆದು ಶುಚಿಯಾಗುವ ಕ್ರಿಯೆ, ಬಹುಮಟ್ಟಿಗೆ ಅದನ್ನು ಮಾಡುವವನ ಸ್ವಂತ ವಿಷಯವೆಂದೇ ಪರಿಗಣಿತವಾಗಿದೆ. ಧರ್ಮಶಾಸ್ತ್ರಗಳಲ್ಲಿ ಅದು ಕರ್ಮಾಧಿಕಾರವನ್ನು, ಎಂದರೆ ವೈದಿಕ ಕ್ರಿಯೆಗಳನ್ನು ನಡೆಸುವ ಅರ್ಹತೆಯನ್ನು ತಂದುಕೊಡುತ್ತದೆ. ಪತಂಜಲಿಯ ಯೋಗಸೂತ್ರದಲ್ಲಿ ಅದು ಐದು ನಿಯಮಗಳಲ್ಲಿ ಮೊದಲನೆಯದಾಗಿದ್ದು, ಮಣ್ಣು ನೀರುಗಳಿಂದ ಸಾಧ್ಯವಾಗುವುದು ಬಾಹ್ಯಶೌಚವೆಂದೂ ಚಿತ್ತದ ಕೊಳೆಯನ್ನು ತೊಳೆಯುವುದು ಆಭ್ಯಂತರ ಶೌಚವೆಂದೂ ವ್ಯಾಸಭಾಷ್ಯವು ವಿಂಗಡಿಸುತ್ತದೆ. ಎರಡು ಕಡೆಯೂ ಫಲವನ್ನು ಉಣ್ಣುವವನು ತೊಳೆದವನೇ. ಹಾಗಿದ್ದರೆ ಫಲವೆಲ್ಲ ಬೇರೊಬ್ಬರಿಗೆ ಸಲ್ಲುವ, ಮಾಡಿದವನ ಕಣ್ಣಿಗೆ ಬೀಳುವುದೂ ಇಲ್ಲದ ಶುಚಿಕಾರ್ಯವೊಂದಿದ್ದರೆ ಅದಕ್ಕೆ ಈ ದರ್ಶನಗಳಲ್ಲಿ ಯಾವ ಸ್ಥಾನವಿದೆ ಎಂಬ ಪ್ರಶ್ನೆ ಏಳುತ್ತದೆ. ಅಂಥ ಕಾರ್ಯಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕಾರಿನ ಹಿಂಬದಿಯ ಕೆಂಪು ದೀಪವನ್ನು ಬಿಚ್ಚಿ, ತೊಳೆದು, ಒಣಗಿಸಿ, ನೀರು ಹೋಗದಂತೆ ಮತ್ತೆ ಮುಚ್ಚುವ ಮನೆಗೆಲಸ ಅಂಥದ್ದೇ ಆಗಿದೆ.

ಸಿದ್ದಾಪುರ ತಾಲೂಕಿನ ಹೆಗ್ಗರಣೆ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಈ ಕೆಲಸಕ್ಕೆ ಕಾರಣವಾಗುವುದು ಹವೆಯೇ. ಬೇಸಿಗೆಯಲ್ಲಿ ಮಣ್ಣು ರಸ್ತೆಯ ಕೆಂಪು ಧೂಳು ದೀಪದ ಅಂಚಿನ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಅದೇ ಸಂದಿನಿಂದ ನೀರು ಇಳಿದು, ಒಳಗಿನ ಧೂಳನ್ನು ಕೆಸರು ಮಾಡಿ, ಗಾಜಿನಂತೆ ಕಾಣುವ ಹೊದಿಕೆಯ ಒಳಮೈಗೆ ಮೆತ್ತುತ್ತದೆ. ಹಗಲಿನಲ್ಲೇ ಮಬ್ಬು ಕವಿಯುವ ತೋಟದ ನಡುವಣ ತಿರುವುಗಳಲ್ಲಿ ಮುಂದೆ ಹೋಗುತ್ತಿರುವ ವಾಹನ ನಿಂತಿದೆಯೋ ಚಲಿಸುತ್ತಿದೆಯೋ ಎಂಬುದನ್ನು ಹಿಂದಿನವರಿಗೆ ತಿಳಿಸುವುದು ಆ ಕೆಂಪು ಬೆಳಕೊಂದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿಯ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕೆಂದು ವಿಧಿಸುತ್ತವೆ. ಕೆಸರು ಮೆತ್ತಿದ ದೀಪದೊಳಗೆ ಬಲ್ಬು ಸರಿಯಾಗಿಯೇ ಉರಿಯುತ್ತಿರುತ್ತದೆ, ಆದರೆ ಆ ದೂರವನ್ನು ಅದರ ಬೆಳಕು ಮುಟ್ಟುವುದಿಲ್ಲ.

ಯಾವ ದ್ರವ್ಯವನ್ನು ಯಾವುದರಿಂದ ತೊಳೆಯಬೇಕೆಂಬ ವಿಚಾರವನ್ನು ಧರ್ಮಶಾಸ್ತ್ರಗಳು ದ್ರವ್ಯಶುದ್ಧಿ ಎಂದು ಕರೆಯುತ್ತವೆ. ಮನುಸ್ಮೃತಿಯ ಐದನೆಯ ಅಧ್ಯಾಯವು ತಾಮ್ರ, ಕಬ್ಬಿಣ, ಹಿತ್ತಾಳೆ, ಸೀಸ ಮೊದಲಾದವುಗಳಿಗೆ ಕ್ಷಾರ, ಹುಳಿ ಮತ್ತು ನೀರನ್ನು ಹೇಳುವುದಲ್ಲದೆ, ಅದೇ ಪ್ರಕರಣದಲ್ಲಿ ದೇಹಕ್ಕೆ ನೀರು, ಮನಸ್ಸಿಗೆ ಸತ್ಯ, ಬುದ್ಧಿಗೆ ಜ್ಞಾನ ಎಂದು ಒಳಗಿನ ದ್ರವ್ಯಗಳಿಗೂ ಅವುಗಳ ಶೋಧಕಗಳನ್ನು ಹೊಂದಿಸಿಕೊಡುತ್ತದೆ. ಶೋಧಕವನ್ನು ಆಯುವುದು ಕೊಳೆಯನ್ನು ಮಾತ್ರ ನೋಡಿ ಅಲ್ಲ, ಕೊಳೆಯಾದ ವಸ್ತುವಿನ ಸ್ವಭಾವವನ್ನು ನೋಡಿ ಎಂಬುದು ಇಲ್ಲಿನ ತತ್ತ್ವ. ಟೇಲ್ ಲೈಟಿನ ಹೊದಿಕೆ ಸಾಮಾನ್ಯವಾಗಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಅದಕ್ಕೆ ಉಗುರು ಬೆಚ್ಚನೆಯ ಸಾಬೂನು ನೀರು ಸಾಕು. ಬೇಗ ಹೊಳೆಯಲೆಂದು ಥಿನ್ನರನ್ನೋ ಪೆಟ್ರೋಲನ್ನೋ ಹಚ್ಚಿದರೆ ಅದರ ಮೈಯಲ್ಲೆಲ್ಲ ಕೂದಲೆಳೆಯಂಥ ಬಿರುಕುಗಳು ಬಿಡುತ್ತವೆ. ಒಳಗಿನ ಬೆಳ್ಳಿಬಣ್ಣದ ಬಟ್ಟಲು, ಅಂದರೆ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಪ್ರತಿಫಲಕ, ಇನ್ನೂ ಸೂಕ್ಷ್ಮವಾದುದು. ಅದರ ಹೊಳಪು ಬರಿಯ ಅಲ್ಯೂಮಿನಿಯಮ್ಮಿನ ತೆಳುಲೇಪವಾದ್ದರಿಂದ ಬಟ್ಟೆಯಲ್ಲಿ ತಿಕ್ಕಿದರೆ ಕೊಳೆಯ ಜೊತೆಗೆ ಹೊಳಪೂ ಹೋಗುತ್ತದೆ. ಹುಣಸೆಹುಳಿ ಹಾಕಿ ತಾಮ್ರದ ಹಂಡೆಯನ್ನು ಬೆಳಗಿದ ಕೈಗೆ ಇಲ್ಲಿ ತಿಕ್ಕದೆ ಇರುವುದೇ ಶೌಚವೆಂಬುದು ಒಗ್ಗಲು ಸ್ವಲ್ಪ ಕಾಲ ಬೇಕು.

ಶುದ್ಧಿಯ ಪ್ರಶ್ನೆಯನ್ನು ಆಳವಾಗಿ ಬಗೆದ ಮೂರು ಪರಂಪರೆಗಳು ಹೆಗ್ಗರಣೆಯ ಸೀಮೆಗೆ ನೆರೆಯಾದ ಶಿರಸಿ ತಾಲೂಕಿನ ಸೋಂದೆಯೊಂದರಲ್ಲೇ ಸೇರಿವೆ. ಅದ್ವೈತದ ಸ್ವರ್ಣವಲ್ಲೀ ಮಠ, ಉಡುಪಿಯ ಅಷ್ಟಮಠಗಳಲ್ಲಿ ಒಂದಾದ, ವಾದಿರಾಜತೀರ್ಥರ ಬೃಂದಾವನವಿರುವ ದ್ವೈತದ ಸೋದೆ ಮಠ, ಹಾಗೂ ಭಟ್ಟಾಕಲಂಕ ಎಂಬ ಹೆಸರನ್ನು ಹೊತ್ತು ಬಂದ ಸ್ವಾದಿಯ ದಿಗಂಬರ ಜೈನಮಠ ಅಲ್ಲಿ ಒಂದಕ್ಕೊಂದು ಸಮೀಪದಲ್ಲಿವೆ. ಇವುಗಳಲ್ಲಿ ಮೇಲಿನ ಮನೆಗೆಲಸಕ್ಕೆ ಅತ್ಯಂತ ಹತ್ತಿರವಾದ ಪರಿಭಾಷೆ ಜೈನರದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುವ ಏಳು ತತ್ತ್ವಗಳಲ್ಲಿ ಆಸ್ರವವೆಂದರೆ ಕಾಯ, ವಾಕ್ಕು, ಮನಸ್ಸುಗಳ ಚಲನೆಯ ಮೂಲಕ ಕರ್ಮದ ಕಣಗಳು ಜೀವದೊಳಕ್ಕೆ ಹರಿದು ಬರುವುದು. ಬಂಧವೆಂದರೆ ಅವು ಅಲ್ಲೇ ಅಂಟಿ ನಿಲ್ಲುವುದು. ಸಂವರವೆಂದರೆ ಒಳಹರಿವನ್ನು ತಡೆಯುವುದು. ನಿರ್ಜರೆಯೆಂದರೆ ಅಂಟಿದ್ದನ್ನು ಸವೆಸಿ ಕಳೆಯುವುದು. ಕರ್ಮವನ್ನು ದ್ರವ್ಯವೆಂದೇ, ಸೂಕ್ಷ್ಮವಾದ ಪುದ್ಗಲವೆಂದೇ ಭಾವಿಸಿದ ದರ್ಶನಕ್ಕೆ ಸಂದು, ಸೋರಿಕೆ, ಅಂಟು, ಮುಚ್ಚುವಿಕೆ ಎಂಬ ಮಾತುಗಳು ಬರಿಯ ಅಲಂಕಾರವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಆದರೆ ಕ್ರಮದ ವಿಷಯದಲ್ಲಿ ದೀಪಕ್ಕೂ ಜೀವಕ್ಕೂ ಒಂದು ಭೇದವಿದೆ, ಅದು ವಿಚಾರಾರ್ಹವಾಗಿದೆ. ಜೈನ ಗ್ರಂಥಗಳಲ್ಲಿ ಸಂವರ ಮೊದಲು, ನಿರ್ಜರೆ ಆಮೇಲೆ. ತೂತು ಬಿದ್ದ ದೋಣಿಯ ತೂತನ್ನು ಮುಚ್ಚದೆ ನೀರನ್ನು ಮೊಗೆದು ಚೆಲ್ಲುವುದು ವ್ಯರ್ಥವೆಂಬುದು ಅದರ ಯುಕ್ತಿ. ದೀಪದಲ್ಲಾದರೋ ತೊಳೆದು ಪೂರ್ಣವಾಗಿ ಒಣಗಿಸಿದ ಮೇಲೆಯೇ ಸಂದನ್ನು ಮುಚ್ಚಬೇಕು. ತೇವವಿರುವಾಗಲೇ ಸಿಲಿಕೋನು ಹಚ್ಚಿದರೆ ಹೊರಗಿನ ನೀರನ್ನು ತಡೆಯಲು ಹಾಕಿದ ಮುಚ್ಚಳ ಒಳಗಿನ ನೀರಿಗೆ ಸೆರೆಮನೆಯಾಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಸ್ಪಷ್ಟವಾಗಿದೆ. ಡಿಕ್ಕಿಯ ಒಳಗಿನಿಂದ ನಟ್ಟು ಬಿಚ್ಚಿ, ಬಲ್ಬಿನ ಹೋಲ್ಡರನ್ನು ಕಳಚಿ, ದೀಪವನ್ನು ಮಳೆಯಿಂದ ತಪ್ಪಿಸಿ ಮನೆಯ ಜಗುಲಿಗೆ ತಂದಿಡಬಹುದು. ಜೀವಕ್ಕೆ ಅಂಥ ಜಗುಲಿಯಿಲ್ಲ. ಅದು ಮಳೆಯಲ್ಲಿ ನಿಂತೇ ತನ್ನ ಸಂದನ್ನು ಮುಚ್ಚಿಕೊಳ್ಳಬೇಕು. ನಿರ್ಜರೆಗಿಂತ ಸಂವರವನ್ನು ಮುಂದಿಟ್ಟದ್ದರ ಹಿಂದೆ ಮನುಷ್ಯಸ್ಥಿತಿಯ ಈ ಅರಿವಿದೆಯೆಂದು ಹೇಳಲು ಅಡ್ಡಿಯಿಲ್ಲ.

ಮುಚ್ಚುವಿಕೆ ಎಷ್ಟರಮಟ್ಟಿಗೆ ಇರಬೇಕು ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ದೀಪದ ಹಿಂಭಾಗದಲ್ಲಿ ಬೇಕೆಂದೇ ಬಿಟ್ಟ ಸಣ್ಣ ಉಸಿರುಗಂಡಿಯಿರುತ್ತದೆ. ಬಲ್ಬು ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುವುದಕ್ಕೂ, ಆರಿದಾಗ ಮರಳಿ ಬರುವುದಕ್ಕೂ ಅದು ದಾರಿ. ಉತ್ಸಾಹದಿಂದ ಅದನ್ನೂ ಮುಚ್ಚಿದರೆ ಒತ್ತಡ ಹೆಚ್ಚುಕಡಿಮೆಯಾಗಿ, ತೇವವು ಹೊಸ ಸಂದನ್ನೇ ಹುಡುಕಿಕೊಳ್ಳುತ್ತದೆ. ಅಡಿಕೆ ಬೆಳೆಗಾರರು ಕೊಳೆರೋಗದಿಂದ ಅಡಿಕೆಗೊನೆಯನ್ನು ಕಾಪಾಡಲು ಕಟ್ಟುವ ಕೊಟ್ಟೆಯೂ, ಅಂದರೆ ಹೊದಿಕೆಯೂ, ಮೇಲಿನ ಮಳೆಯನ್ನು ತಡೆದು, ಕೆಳಗೆ ಗಾಳಿಗೆ ತೆರೆದೇ ಇರುತ್ತದೆ. ದೀಪವೂ ಹೀಗೆ ಗಾಳಿಗೆ ತೆರೆದಿರುವುದರಿಂದ ಮುಂಜಾನೆಯ ಚಳಿಯಲ್ಲಿ ಹೊದಿಕೆಯ ಒಳಗೆ ಮಂಜು ಮೂಡಿ, ದೀಪ ಹೊತ್ತಿಸಿದ ಸ್ವಲ್ಪ ಹೊತ್ತಿಗೆ ಹಾರಿಹೋದರೆ ಅದು ದೋಷವಲ್ಲ. ಹನಿಯಾಗಿ ತಳದಲ್ಲಿ ನಿಂತು, ಕಲೆ ಉಳಿಸಿ, ಪ್ರತಿಫಲಕವನ್ನು ತಿನ್ನುವ ನೀರೇ ದೋಷ. ಆಶ್ಚರ್ಯವೆಂದರೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಆಸ್ರವದಲ್ಲೇ ಇಂಥ ಎರಡು ಬಗೆಗಳನ್ನು ಗುರುತಿಸಿದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ ಕೂಡಿದವನಲ್ಲಿ ಒಳಬಂದ ಕರ್ಮ ಅಂಟಿಕೊಂಡು ಸಂಸಾರವನ್ನು ಬೆಳೆಸುತ್ತದೆ, ಇದು ಸಾಂಪರಾಯಿಕ. ಕಷಾಯ ಕಳೆದವನಲ್ಲಿ ನಡೆ ನುಡಿಗಳಿರುವ ತನಕ ಕರ್ಮ ಬರುವುದು ನಿಲ್ಲದಿದ್ದರೂ ಅದು ಮುಟ್ಟಿ, ನಿಲ್ಲದೆ ಜಾರಿಹೋಗುತ್ತದೆ, ಇದು ಈರ್ಯಾಪಥ. ಬದುಕಿರುವಾಗ ಶುಚಿಯೆಂದರೆ ಏನೂ ಒಳಬಾರದಿರುವುದಲ್ಲ, ಬಂದದ್ದು ನಿಲ್ಲದಿರುವುದು ಎಂಬ ಈ ತಿಳಿವಳಿಕೆ ಗೃಹಸ್ಥರ ಪಾಲಿಗೆ ದೊಡ್ಡ ಸಮಾಧಾನವಾಗಿದೆ. ಮುನಿಗಳಿಗೆ ಮಹಾವ್ರತವನ್ನೂ ಶ್ರಾವಕರಿಗೆ, ಅಂದರೆ ಮನೆವಾರ್ತೆಯಲ್ಲಿರುವವರಿಗೆ, ಅಣುವ್ರತವನ್ನೂ ವಿಧಿಸಿದ ಧರ್ಮವು ಉಸಿರುಗಂಡಿಯ ಅಗತ್ಯವನ್ನು ಬಲ್ಲದ್ದೇ ಆಗಿತ್ತು.

ಅದ್ವೈತದ ನಿಲುವು ಬೇರೆ ದಿಕ್ಕಿನದು. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಮೋಕ್ಷವು ಸಂಸ್ಕಾರ್ಯವೇ, ಎಂದರೆ ಗುಣವನ್ನು ಕೂಡಿಸಿಯೋ ದೋಷವನ್ನು ಕಳೆದೋ ಪಡೆಯುವಂಥದ್ದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಉಜ್ಜಿದಾಗ ಕನ್ನಡಿಯ ಹೊಳಪು ತೋರಿಬರುವಂತೆ ಆತ್ಮನ ಸ್ವರೂಪವೂ ಶುದ್ಧಿಯಿಂದ ತೋರಬಹುದಲ್ಲ ಎಂಬ ಪೂರ್ವಪಕ್ಷವನ್ನು, ಎಂದರೆ ಎದುರು ವಾದವನ್ನು, ನಿರಾಕರಿಸುತ್ತಾರೆ. ಕ್ರಿಯೆಯು ತನ್ನ ಆಶ್ರಯವನ್ನು ಬದಲಿಸದೆ ನಡೆಯದು, ಆತ್ಮನಾದರೋ ಬದಲಾಗದವನು. ಸ್ನಾನ ಆಚಮನಗಳಿಂದ ಶುದ್ಧನಾಗುವವನು ದೇಹವನ್ನೇ ತಾನೆಂದುಕೊಂಡವನು ಮಾತ್ರ. ದೀಪದಲ್ಲೂ ಹಾಗೆಯೇ, ಒರೆಸುವಿಕೆಯಿಂದ ಬಲ್ಬಿನ ಬೆಳಕಿಗೆ ಏನೂ ಕೂಡುವುದಿಲ್ಲ, ಕೆಸರಿನಿಂದ ಅದಕ್ಕೆ ಏನೂ ಕಳೆದಿರಲೂ ಇಲ್ಲ. ದ್ವೈತವು ಇದಕ್ಕೆ ತನ್ನ ಆಕ್ಷೇಪವನ್ನು ಸೇರಿಸುತ್ತದೆ: ಜೀವದ ಬೆಳಕು ಪರತಂತ್ರವಾದುದು, ಈಶ್ವರನ ಪ್ರಸಾದವಿಲ್ಲದೆ ಮುಸುಕು ತಾನಾಗಿ ಸರಿಯದು, ಬ್ಯಾಟರಿಯಿಂದ ವಿದ್ಯುತ್ತು ಬಾರದ ದೀಪದ ಹೊದಿಕೆಯನ್ನು ಎಷ್ಟು ಬೆಳಗಿದರೂ ರಾತ್ರಿಯಲ್ಲಿ ಅದು ಕತ್ತಲೆಯೇ.

ಶಂಕರರ ವಾದವನ್ನು ಒಪ್ಪಿ ಒಂದು ಹೆಜ್ಜೆ ಮುಂದಿಟ್ಟರೆ ಶೌಚವು ಯಾರಿಗಾಗಿ ಎಂಬ ಮೊದಲಿನ ಪ್ರಶ್ನೆಗೆ ದಾರಿ ತೆರೆಯುತ್ತದೆ. ಮಸುಕಿನಿಂದ ಬಲ್ಬಿಗೆ ನಷ್ಟವಿಲ್ಲ, ಮುಂದೆ ನೋಡುತ್ತ ಕುಳಿತ ಚಾಲಕನಿಗೂ ನಷ್ಟವಿಲ್ಲ. ನಷ್ಟವೆಲ್ಲ ಹಿಂದೆ ಬರುತ್ತಿರುವ ಅಪರಿಚಿತನದು. ಹೀಗೆ ಇನ್ನೊಬ್ಬರಿಗಾಗಿಯೇ ಮಾಡುವ ಕರ್ಮಕ್ಕೆ ಗೀತೆಯ ಮೂರನೆಯ ಅಧ್ಯಾಯದಲ್ಲಿ ಲೋಕಸಂಗ್ರಹವೆಂಬ ಹೆಸರಿದೆ, ತನಗಾಗಿ ಏನನ್ನೂ ಪಡೆಯಬೇಕಿಲ್ಲದವನೂ ಮಾಡಬೇಕಾದ ಕರ್ಮಕ್ಕೆ ಅಲ್ಲಿ ಅದೇ ಕಾರಣ. ಲೋಕದ ಜನ ದಾರಿ ತಪ್ಪಿ ನಡೆಯುವುದನ್ನು ತಡೆಯುವುದೇ ಲೋಕಸಂಗ್ರಹವೆಂದು ಶಂಕರಭಾಷ್ಯ ಅದನ್ನು ವಿವರಿಸುತ್ತದೆ. ಸಾಮಾನ್ಯವಾಗಿ ಈ ಮಾತನ್ನು ಶ್ರೇಷ್ಠರು ಇತರರಿಗೆ ಮೇಲ್ಪಂಕ್ತಿಯಾಗಬೇಕೆಂಬ ಅರ್ಥದಲ್ಲಿ ಬಳಸಲಾಗುತ್ತದೆ. ಆದರೆ ರಸ್ತೆಯಲ್ಲಿ ಮುಂದಿರುವವನು ಶ್ರೇಷ್ಠನಾಗಬೇಕಿಲ್ಲ, ಮುಂದಿದ್ದರೆ ಸಾಕು, ಹಿಂದಿನವನ ಹೊಣೆ ಅವನ ಮೇಲೆ ಬೀಳುತ್ತದೆ. ಜೈನ ಮುನಿಗಳ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರಿಕೆಯ ನಡವಳಿಕೆಗಳಲ್ಲಿ, ಮೊದಲನೆಯದಾದ ಈರ್ಯಾಸಮಿತಿಯು ನಡೆಯುವಾಗ ಕಾಲ ಮುಂದಿನ ಜೀವಿಗಳಿಗೆ ಹಿಂಸೆಯಾಗದಂತೆ ನೋಡಿ ನಡೆಯಬೇಕೆನ್ನುತ್ತದೆ. ವಾಹನದ ಕಾಲದಲ್ಲಿ ಅದೇ ಅಹಿಂಸೆ ಬೆನ್ನ ಹಿಂದಕ್ಕೂ ಚಾಚಬೇಕಾಗಿದೆ, ಏಕೆಂದರೆ ನಡೆಯುವವನ ನೆರಳಿಗೆ ಇಲ್ಲದ ಅಪಾಯ ಓಡುವ ಗಾಡಿಯ ಹಿಂದೆ ಇದೆ.

ಆಯುಧಪೂಜೆಯ ದಿನ ಗಾಡಿಗಳನ್ನು ತೊಳೆದು ಹೂ ಮುಡಿಸುವಾಗ ಮುಂಭಾಗಕ್ಕೆ ಸಲ್ಲುವ ಗಮನ ಹಿಂಭಾಗಕ್ಕೆ ಸಲ್ಲುವುದು ಕಡಿಮೆ, ಮಳೆಗಾಲವಿಡೀ ನೀರು ಕುಡಿದ ದೀಪವನ್ನು ಬಿಚ್ಚಿ ಒಣಗಿಸಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲದಿದ್ದರೂ. ಲೋಹವನ್ನು ತಿನ್ನುವ, ಹುಳಿವಾಸನೆಯ ಸಿಲಿಕೋನನ್ನು ಬಿಟ್ಟು ಆ ವಾಸನೆಯಿಲ್ಲದ ಬಗೆಯನ್ನು ಬಳಸಿ, ಅದು ಗಟ್ಟಿಯಾಗಲು ಒಂದು ಹಗಲು ಒಂದು ರಾತ್ರಿ ಬಿಟ್ಟು, ದೀಪವನ್ನು ಮತ್ತೆ ಕೂರಿಸಿದ ಮೇಲೆ ಅದನ್ನು ಪರೀಕ್ಷಿಸುವ ಕೆಲಸ ಉಳಿಯುತ್ತದೆ. ತನ್ನನ್ನು ತಾನೇ ಬೆಳಗಿಕೊಳ್ಳುವ ಸಾಕ್ಷಿ, ಅಂದರೆ ಎಲ್ಲವನ್ನೂ ಒಳಗಿನಿಂದಲೇ ಕಾಣುವ ಚೈತನ್ಯ, ಇದ್ದಾನೆಂದು ವೇದಾಂತ ಹೇಳುವುದು ಆತ್ಮದ ವಿಷಯದಲ್ಲಿ ಸರಿಯಾದರೂ ಬ್ರೇಕು ಒತ್ತುವವನು ಆ ಹೊತ್ತಿಗೆ ತನ್ನ ಹಿಂದಿನ ಬೆಳಕಿಗೆ ಸಾಕ್ಷಿಯಾಗಲಾರ. ಮನೆಯವರೊಬ್ಬರು ಹೊರಗೆ ಬಂದು, ಹಿಂದೆ ಬರುವವರು ನಿಲ್ಲುವಷ್ಟು ದೂರದಲ್ಲಿ ನಿಂತು, ಎರಡೂ ಬದಿ ಕೆಂಪಗೆ ಹೊತ್ತಿತೆಂದು ಕೂಗಿ ಹೇಳಬೇಕು.