ಸಾಕು ಎನ್ನುವವರು ಯಾರು?

ರೇಸಿಗೆಂದು ಇಂಜಿನ್ ಬಿಚ್ಚಿದಾಗ ಸಿಲಿಂಡರ್ ಹೆಡ್ಡಿನೊಳಗಿನ ಗಾಳಿದಾರಿಗಳನ್ನು, ಅಂದರೆ ಪೋರ್ಟುಗಳನ್ನು, ಗ್ರೈಂಡರ್ ಹಿಡಿದು ತಿದ್ದುತ್ತಾರೆ. ಹೆಚ್ಚು ಗಾಳಿ ಒಳಬಂದರೆ ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಶಕ್ತಿ ಏರುತ್ತದೆ. ಹಾಗಾದರೆ ದಾರಿ ಅಗಲವಾದಷ್ಟೂ ಒಳ್ಳೆಯದಲ್ಲವೇ? ನಾನೂ ಹಾಗೇ ನಂಬಿದ್ದೆ. ನನ್ನ ಹಳೇ ಕಾರಿನ ಹೆಡ್ಡನ್ನು ತಿದ್ದುತ್ತಿದ್ದವರಿಗೆ, “ಇನ್ನೂ ಸ್ವಲ್ಪ ಕೊರೀರಿ ಅಣ್ಣಾ” ಎಂದೆ. ಅವರು ಪೋರ್ಟಿನೊಳಗೆ ಬೆರಳಾಡಿಸಿ, “ಈ ಗೋಡೆಯಾಚೆ ನೀರು ಹರಿಯುತ್ತೆ, ಸಾಕು” ಎಂದರು.

ಗೋಡೆ ತೂತಾಗುವುದು ಒಂದು ಭಯ. ದಾರಿ ಅತಿ ಅಗಲವಾದರೆ ಗಾಳಿಯ ವೇಗವೇ ಇಳಿದು, ಕಡಿಮೆ ಆರ್‌ಪಿಎಂನಲ್ಲಿ ಇಂಜಿನ್ ಸಪ್ಪೆಯಾಗುವುದು ಇನ್ನೊಂದು. ಲಾಭವೆಲ್ಲ ಹೆಚ್ಚಾಗಿ ಇರುವುದು ವಾಲ್ವ್ ಸೀಟಿನ ಹತ್ತಿರದ ತಿರುವಿನಲ್ಲಿ, ಒಂದೆರಡು ಮಿಲಿಮೀಟರಿನಲ್ಲಿ. (ಕಾರ್ಬ್ಯುರೇಟರ್ ಇಂಜಿನಿನ ಇನ್‌ಟೇಕ್ ಪೋರ್ಟನ್ನು ಕನ್ನಡಿಯಂತೆ ಹೊಳೆಸುವುದು ಬರೀ ಶೋಕಿ. ಅಲ್ಲಿ ತುಸು ಒರಟೇ ವಾಸಿ.)

ಆದರೆ ನನ್ನನ್ನು ಕಾಡಿದ್ದು ಬೇರೆ. ಹೆಡ್ಡು ನನ್ನದು, ದುಡ್ಡು ನನ್ನದು, ಕೇಳಿದ್ದೂ ನಾನೇ. ಬೋಲ್ಟ್ ಬಿಗಿದ ಮೇಲೆ ಒಳಗೆ ಇಣುಕುವವರು ಯಾರೂ ಇಲ್ಲ. ಕೇಳಿದಷ್ಟು ಕೊರೆದುಕೊಟ್ಟಿದ್ದರೆ ಅವರನ್ನು ಮೋಸಗಾರ ಎನ್ನಲು ನನಗೆ ಬಾಯಿ ಇರುತ್ತಿರಲಿಲ್ಲ. ಹಾಗಿದ್ದೂ ಅವರು ಸ್ವಿಚ್ ಆರಿಸಿದರು. ಆ ಹಕ್ಕನ್ನು ಅವರಿಗೆ ಕೊಟ್ಟಿದ್ದು ನಾನಂತೂ ಅಲ್ಲ. ಕಬ್ಬಿಣದ ಆ ಹೆಡ್ಡು ಕೊಟ್ಟಿತೇ?

ಕೂಲಿ ಪೂರ್ತಿ ಕೇಳಿದರು. ನಾನು ಚೌಕಾಸಿಗಿಳಿದೆ.