ಎರಡನೆಯ ತೊಟ್ಟಿಲಿನ ಬಳಿ



ಮಗುವಿನ ದೀಕ್ಷಾಸ್ನಾನಕ್ಕೆ ಹೆಸರು ಬರೆಸಲು ಒಂದು ಕುಟುಂಬ ಬಂದಿತ್ತು. ತಂದೆಯೂ ಅಜ್ಜಿಯೂ ಸಂತೋಷದಿಂದ ಮಾತನಾಡುತ್ತಿದ್ದರು. ತಾಯಿ ಮಾತ್ರ ಮೌನ. ಉಳಿದವರು ಹೊರಗೆ ಹೋದ ಮೇಲೆ ಆಕೆ ಮೆಲ್ಲನೆ ಕೇಳಿದರು: "ಫಾದರ್, ದೊಡ್ಡವನು ಹುಟ್ಟಿದಾಗ ಅವನ ಮುಖ ಕಂಡು ಆನಂದದಿಂದ ಅತ್ತಿದ್ದೆ. ಇವಳನ್ನು ಕಂಡಾಗ ಏನೂ ಅನಿಸಲಿಲ್ಲ. ಮನೆಯಲ್ಲಿ ಬಿಟ್ಟುಬಂದ ದೊಡ್ಡವನದೇ ಚಿಂತೆ. ಇದು ಪಾಪವೇ?" ಬೇರೆ ತಾಯಂದಿರಿಗೆ ಉಪಯೋಗವಾಗುವುದಾದರೆ ಬರೆಯಿರಿ ಎಂದು ಆಕೆಯೇ ಹೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲ, ಇದು ಪಾಪವಲ್ಲ. ಪಾಪಕ್ಕೆ ಮನಸ್ಸಿನ ಒಪ್ಪಿಗೆ ಬೇಕು. ಬಳಲಿದ ದೇಹದಿಂದ ಹುಟ್ಟುವ ದುಃಖಕ್ಕೆ ಯಾವ ತಾಯಿಯೂ ಒಪ್ಪಿಗೆ ಕೊಟ್ಟಿರುವುದಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದನ್ನೇ ನೋಡಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಎಣ್ಣೆ, ಬಿಸಿನೀರು, ಹೊತ್ತುಹೊತ್ತಿಗೆ ಪಥ್ಯದ ಊಟ, ಪಕ್ಕದಲ್ಲೇ ಅಮ್ಮ. ಎರಡನೆಯ ಹೊತ್ತಿಗೆ ಅಮ್ಮನಿಗೆ ವಯಸ್ಸಾಗಿರುತ್ತದೆ. "ಅವಳಿಗೆ ಎಲ್ಲ ಗೊತ್ತಿದೆ" ಎಂದು ಉಳಿದವರು ಸುಮ್ಮನಾಗುತ್ತಾರೆ. ಹೆರಿಗೆಯ ನಂತರ ಗರ್ಭಕೋಶ ಕುಗ್ಗುವಾಗ ಬರುವ ನೋವು ಎರಡನೆಯ ಸಲ ಸಾಮಾನ್ಯವಾಗಿ ಹೆಚ್ಚು. ಮಡಿಲಲ್ಲಿ ಒಂದು ಮಗು, ಸೆರಗು ಹಿಡಿದು ಅಳುವ ಇನ್ನೊಂದು ಮಗು. ಹೀಗಿರುವಾಗ ಮನಸ್ಸು ಮೊದಲಿನಂತೆ ಇರಲಿಲ್ಲವೆಂದರೆ ಆಶ್ಚರ್ಯವೇನು? ಕೆಲವರಿಗೆ ಇದು ತಿರುವುಮುರುವು. ಮೊದಲ ಮಗುವಿನಲ್ಲಿ ಭಯ, ಕಣ್ಣೀರು, ಎರಡನೆಯದರಲ್ಲಿ ನೆಮ್ಮದಿ. ಆಗ ಹಿರಿಯ ಮಗುವಿಗೆ ಅನ್ಯಾಯ ಮಾಡಿದೆನೆಂಬ ಕೊರಗು.

ಪವಿತ್ರ ಗ್ರಂಥವು ಇದನ್ನು ಮುಚ್ಚಿಡುವುದಿಲ್ಲ. ಆದಿಕಾಂಡದ ರಾಖೇಲಳನ್ನು ನೆನೆಯಿರಿ. ಮಕ್ಕಳಿಲ್ಲವೆಂದು ಹಂಬಲಿಸಿದವಳು. ಜೋಸೆಫನು ಹುಟ್ಟಿದಾಗ ತನ್ನ ಅವಮಾನ ನೀಗಿತೆಂದು ಹಿಗ್ಗಿದಳು. ಇನ್ನೊಬ್ಬ ಮಗನನ್ನೂ ಬೇಡಿದಳು. ಬೇಡಿ ಪಡೆದ ಆ ಎರಡನೆಯ ಮಗುವಿಗೆ ಅವಳಿಟ್ಟ ಹೆಸರು ಬೆನೋನಿ, ಅಂದರೆ 'ನನ್ನ ದುಃಖದ ಮಗ'. ಆ ಹೆರಿಗೆಯಲ್ಲಿ ಅವಳು ತನ್ನ ಪ್ರಾಣವನ್ನೇ ಕೊಟ್ಟಳು. ಅವಳ ದುಃಖಕ್ಕಾಗಿ ಗ್ರಂಥವು ಒಂದು ಮಾತೂ ಜರೆಯುವುದಿಲ್ಲ. ಯಕೋಬನೂ ಜರೆಯಲಿಲ್ಲ. ಅವನು ಮಗುವನ್ನು ದುಃಖದ ಹೆಸರಿನಲ್ಲಿ ಬಿಡದೆ ಬೆನ್ಯಮೀನ, 'ಬಲಗೈಯ ಮಗ' ಎಂದು ಕರೆದನು. ತಾಯಿಗೆ ಶಕ್ತಿ ಉಡುಗಿದಾಗ ತಂದೆ ಮುಂದೆ ಬರಬೇಕೆಂಬುದಕ್ಕೆ ಇದಕ್ಕಿಂತ ಪಾಠ ಬೇಕೇ?

ಆದುದರಿಂದ ಗಂಡಂದಿರೇ, "ಮೊದಲ ಸಲ ಚೆನ್ನಾಗಿದ್ದೆಯಲ್ಲ" ಎಂದು ಹೋಲಿಸಬೇಡಿ. ರಾತ್ರಿ ಮಗುವನ್ನು ಎತ್ತಿಕೊಳ್ಳಿ; ಹಿರಿಯ ಮಗುವಿಗೆ ಉಣಿಸಿ. ಅತ್ತೆಯಂದಿರೇ, "ನಾವು ಏಳೆಂಟು ಹೆರಲಿಲ್ಲವೇ?" ಎಂಬ ಮಾತು ಬೇಡ. ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರ ಮನೆಗೆ ಹೋಗಿ ಆಶೀರ್ವಾದ ಹೇಳಿ ಆ ದಿನವೇ ಮರಳಲಿಲ್ಲ; ಸುಮಾರು ಮೂರು ತಿಂಗಳು ಉಳಿದರು ಎಂದು ಸಂತ ಲೂಕರು ಬರೆಯುತ್ತಾರೆ. ನೆರೆಹೊರೆಯವರೇ, ಎರಡನೆಯ ಬಾಣಂತಿಯ ಮನೆಗೂ ಒಂದು ಹೊತ್ತಿನ ಗಂಜಿ ಕೊಂಡೊಯ್ಯಿರಿ.

ತಾಯಂದಿರೇ, ನಿಮಗೆ ಒಂದು ಮಾತು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಸಹಜ. ಎರಡು ವಾರಗಳೊಳಗೆ ಅದು ತಿಳಿಯಾಗುತ್ತದೆ. ಹಾಗಾಗದೆ ಬೇಸರ ಗಟ್ಟಿಯಾದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ ವೈದ್ಯರಿಗೆ ಹೇಳಿ. ನಮ್ಮಂಥ ದೇಶಗಳಲ್ಲಿ ಐವರು ಬಾಣಂತಿಯರಲ್ಲಿ ಸುಮಾರು ಒಬ್ಬರಿಗೆ ಇಂಥ ಮಾನಸಿಕ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಮೊದಲ ಸಲ ಬಂದಿದ್ದರೆ ಮರುಕಳಿಸಬಹುದು. ಆಗ ಬಾರದವರಿಗೂ ಎರಡನೆಯ ಸಲ ಬರಬಹುದು. ತನಗೋ ಮಗುವಿಗೋ ಕೇಡು ಮಾಡಬೇಕೆಂಬ ಯೋಚನೆ ಸುಳಿದರೆ, ಇಲ್ಲದ ಧ್ವನಿಗಳು ಕೇಳಿಸಿದರೆ ಮನೆಯವರು ಬಾಣಂತಿಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. 2022ರಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಜಪಸರ ಹಿಡಿದ ಕೈಯಲ್ಲೇ ಔಷಧಿಯನ್ನೂ ತೆಗೆದುಕೊಳ್ಳಿ. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಹೆತ್ತ ತಾಯಿ ಮರೆತರೂ ತಾನು ಮರೆಯೆನೆಂಬ ದೇವರ ವಾಗ್ದಾನವನ್ನು ಯೆಶಾಯ ಪ್ರವಾದಿ ನಮಗೆ ತಿಳಿಸಿದ್ದಾರೆ. ತಾಯಿಯ ಮನಸ್ಸು ಬರಿದಾಗಬಹುದೆಂಬುದನ್ನು ದೇವರು ಬಲ್ಲರು. ಅಂಥ ದಿನಗಳಲ್ಲಿ ಮಗುವನ್ನೂ ತಾಯಿಯನ್ನೂ ಅವರೇ ಹಿಡಿದಿರುತ್ತಾರೆ. ಏನೂ ಅನಿಸದಿದ್ದರೂ ನಡುರಾತ್ರಿ ಎದ್ದು ಹಾಲೂಡಿಸಿದಿರಲ್ಲ, ಅದೇ ಪ್ರೀತಿ. ಭಾವನೆ ನಿಧಾನವಾಗಿ ಹಿಂದೆಯೇ ಬರುತ್ತದೆ.

ದೀಕ್ಷಾಸ್ನಾನದ ಕೊನೆಯಲ್ಲಿ ಗುರುಗಳು ತಾಯಿಯನ್ನು ವಿಶೇಷವಾಗಿ ಆಶೀರ್ವದಿಸುತ್ತಾರೆ. ಎಷ್ಟನೆಯ ಮಗುವೆಂದು ಧರ್ಮಸಭೆ ಆಗ ಕೇಳುವುದಿಲ್ಲ. ನಾವೂ ಕೇಳದಿರೋಣ. ಮಾತೆ ಮರಿಯಮ್ಮನವರು ನಮ್ಮ ಎಲ್ಲ ಬಾಣಂತಿಯರ ಬಳಿ ಇರಲಿ. ಆಮೆನ್.